ದೋಣಿ ಹಿಡಿದು ನಿಂತವನು

ನಾಲ್ವರು ಮೇಲೆ ಪಬ್ಬಿನಲ್ಲಿ ಕುಳಿತು ಊಟ ಮಾಡಿದರು. ಐದನೆಯವನನ್ನು ಕೆಳಗೆ ಜೆಟ್ಟಿಯ ಮೇಲೆ ದೋಣಿ ಹಿಡಿದುಕೊಂಡಿರಲು ಬಿಟ್ಟರು. ಹೋದ ತಿಂಗಳೂ ಅವನನ್ನೇ ಬಿಟ್ಟಿದ್ದರು, ಅದರ ಹಿಂದಿನ ತಿಂಗಳೂ.

ಆ ಐದನೆಯವನು ಯತೀಶ. ಕೋಲಾರದ ಕಡೆಯವನು. ಮೆಲ್ಬರ್ನ್‌ಗೆ ಓದಲು ಬಂದು, ಕಾಯಂ ವಾಸದ ಪಿಆರ್ ಪಡೆದು, ಈಗ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ವಾರವೆಲ್ಲ ಇಂಗ್ಲಿಷು, ಹಿಂದಿಗಳಲ್ಲೇ ಬಾಯಿ ಸವೆಸುವ ಅವನಿಗೆ ಕನ್ನಡ ಕಿವಿಗೆ ಬೀಳುತ್ತಿದ್ದುದು ತಿಂಗಳಿಗೊಂದು ಭಾನುವಾರ, ಈ ದೋಣಿಯಲ್ಲಿ. ಐದು ಜನ ಸೇರಿ ಕ್ಲಬ್ಬಿನ ಉದ್ದನೆಯ ದೋಣಿ ಬುಕ್ ಮಾಡಿಕೊಂಡು, ಮರಿಬರ್ನಾಂಗ್ ನದಿಯಲ್ಲಿ ಹುಟ್ಟು ಹಾಕುತ್ತ ದಡದ ಪಬ್ಬಿಗೆ ಹೋಗುವುದು, ಉಂಡು ವಾಪಸಾಗುವುದು. ಇದಕ್ಕೆ ಅವನನ್ನು ಕರೆತಂದವನು ವಿರುಪಾಕ್ಷ. ದಾವಣಗೆರೆಯವನು. ಓದುವ ಕಾಲದಲ್ಲಿ ಇಬ್ಬರೂ ಒಂದೇ ರೂಮಿನ ರೆಂಟ್ ಹಂಚಿಕೊಂಡವರು, ಒಂದೇ ಬಾಣಲೆಗೆ ಕೈಹಾಕಿ ಉಂಡವರು.

ದೋಣಿಯಲ್ಲಿ ಹುಕುಂ ತಿರುಮಲೇಶರದು. ಮೈಸೂರಿನವರು, ನಿವೃತ್ತ ಡಾಕ್ಟರು. ಅವರು ಹುಟ್ಟು ಮುಟ್ಟುವುದಿಲ್ಲ; ಹಿಂತುದಿಯಲ್ಲಿ ಮುಂದಕ್ಕೆ ಮುಖಮಾಡಿ ಕುಳಿತು ಚುಕ್ಕಾಣಿ ಹಿಡಿಯುತ್ತಾರೆ. ಹುಟ್ಟು ಹಾಕುವ ನಾಲ್ವರು ಹೋಗುವ ದಿಕ್ಕಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಡಾಕ್ಟರಿಗೆ ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರುವವನಿಗೆ ಸ್ಟ್ರೋಕ್ ಅನ್ನುತ್ತಾರೆ. ಅವನ ಹುಟ್ಟು ನೀರಿಗೆ ಬಿದ್ದರೆ ಮಾತ್ರ ಮಿಕ್ಕವರದು ಬೀಳಬೇಕು. ಆ ಜಾಗ ಯತೀಶನದು. ಅವನ ಬೆನ್ನ ಹಿಂದೆ ವಿರುಪಾಕ್ಷ, ಅವನ ಹಿಂದೆ ಪ್ರೊಫೆಸರ್ ಪದ್ಮಿನಿ, ಕೊನೆಗೆ, ಬಿಟ್ಟುಹೋದ ಇನ್ನೊಬ್ಬರ ಜಾಗಕ್ಕೆ ಈ ಸಲವಷ್ಟೇ ಸೇರಿದ, ಸಿಡ್ನಿಯ ಸ್ಕೋಫೀಲ್ಡ್ಸ್ ಬಿಟ್ಟು ಹೊಸದಾಗಿ ಇತ್ತ ಬಂದ ಎಂಜಿನಿಯರ್ ಶೇಖರಪ್ಪ.

ಮೊದಲೆಲ್ಲ ಪಬ್ಬಿಗೆ ಬಂದ ಕೂಡಲೇ ಎಲ್ಲರೂ ಸೇರಿ ದೋಣಿಯನ್ನು ಮೇಲೆತ್ತಿ ಹುಲ್ಲಿನ ಮೇಲೆ ಮಲಗಿಸುತ್ತಿದ್ದರು. ನಡುವೆ ಚಿಪ್ಸಿನ ದೊಡ್ಡ ತಟ್ಟೆ, ಸುತ್ತ ಎಲ್ಲರ ಕೈ. "ತಗೊಳೋ ಮರಿ, ಬಿಯರ್ ಶುದ್ಧ ಸಸ್ಯಾಹಾರ, ಬರೀ ಬಾರ್ಲಿ ಕಣೋ!" ಎಂದು ಡಾಕ್ಟರು ಅವನ ಬೆನ್ನು ತಟ್ಟುತ್ತಿದ್ದರು.

ಆಮೇಲೆ ಆ ಫೋಟೋ. ಊರಲ್ಲಿ ಅಮ್ಮ ಕಟ್ಟಿಸಿದ ಮನೆಯ ಗೃಹಪ್ರವೇಶ. ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಬಾಬಾಸಾಹೇಬರ ಪಟ, ಅದರಡಿ ನೀಲಿ ಶಾಲು ಹೊದ್ದು ನಿಂತ ಅಪ್ಪ ಅಮ್ಮ. ಮನೆಯವರ ಗ್ರೂಪಿಗೆ ಹಾಕಬೇಕಾದದ್ದನ್ನು ಯತೀಶ ಅವಸರದಲ್ಲಿ ದೋಣಿ ಗ್ರೂಪಿಗೆ ಹಾಕಿಬಿಟ್ಟ. ಯಾರೋ ಸುಟ್ಟುಕೊಂಡ ದೋಸೆಯ ಚಿತ್ರಕ್ಕೂ ಹೆಬ್ಬೆಟ್ಟು ಒತ್ತುವ ಗ್ರೂಪು ಅದು. ಅವತ್ತು ಎಲ್ಲರೂ ನೋಡಿದರು. ಒಬ್ಬರೂ ಏನೂ ಅನ್ನಲಿಲ್ಲ.

ಮರುತಿಂಗಳು ಡಾಕ್ಟರು "ಹುಲ್ಲಲ್ಲಿ ಕಲ್ಲಿರುತ್ತೆ, ದೋಣಿಗೆ ಗೀರು ಬೀಳುತ್ತೆ. ಕಟ್ಟಿಬಿಟ್ರೆ ಜೆಟ್ಟಿಗೆ ಹೊಡ್ಕೊಳ್ಳುತ್ತೆ. ಯಾರಾದ್ರೂ ನೀರಲ್ಲೇ ಹಿಡ್ಕೊಂಡಿರ್ಬೇಕು" ಅಂದರು. ಆಮೇಲೆ, "ಯತೀಶ್ ಅವ್ರೇ, ನೀವಿರ್ತೀರಾ?" ಅಂದರು. 'ಮರಿ' ಹೋಗಿ 'ಅವ್ರೇ' ಆಗಿದ್ದ. ಇಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಯಾವತ್ತೂ ಹೊರಗೆ ನಿಲ್ಲಿಸಿರಲಿಲ್ಲ.

ಯಾರ ಮೇಲೆ ಏನೆಂದು ದೂರುವುದು? ಯಾರಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದೋಣಿಗೆ ಗೀರು ಬೀಳಬಾರದು ಅನ್ನುವ ಮಾತಿಗೆ ಯಾವ ಕೋರ್ಟು, ಯಾವ ಕಾನೂನು? ಬರುವುದನ್ನೇ ಬಿಡೋಣವೆಂದರೆ, ಅವರಿಗೆ ಬೇಕಾದದ್ದೂ ಅದೇ. ಹಾಗೆ ಯೋಚಿಸಿ ಯೋಚಿಸಿ ಅವನು ಪ್ರತಿ ಸಲ ಬಂದ. ಪ್ರತಿ ಸಲ ದೋಣಿ ಹಿಡಿದು ನಿಂತ.

ಈ ಸಲ ಶನಿವಾರ ವಿರುಪಾಕ್ಷನೇ ಫೋನ್ ಮಾಡಿದ್ದ. "ನಾಳೆ ನಾನು ಹಿಡ್ಕಂತೀನಿ ಬಿಡಲೇ. ನೀನು ಮ್ಯಾಲೆ ಹೋಗಿ ಆರಾಮಾಗಿ ಊಟ ಮಾಡು."

"ಡಾಕ್ಟ್ರು ಒಪ್ಪಬೇಕಲ್ಲೋ."

"ಒಪ್ಪದೇನು? ನಾನು ಮಾತಾಡ್ತೀನಲೇ."

ಆ ಒಂದು ಮಾತನ್ನು ನೆಚ್ಚಿಕೊಂಡು ಯತೀಶ ಭಾನುವಾರ ಒಗೆದ ಅಂಗಿಯೊಂದನ್ನು ಮಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೋಣಿಯಲ್ಲಿ ಕಾಲ ಬಳಿ ಇಟ್ಟುಕೊಂಡಿದ್ದ. ಬೆವರಿದ ಅಂಗಿ ಬದಲಿಸಿ ಟೇಬಲ್ಲಿಗೆ ಕೂರೋಣವೆಂದು.

ಜೆಟ್ಟಿ ತಲುಪಿದರು. ಡಾಕ್ಟರು ಎದ್ದು ನಿಂತು, "ಯತೀಶ್ ಅವ್ರೇ, ನೀವು ಹಿಡ್ಕೊಂಡಿರಿ" ಅಂದರು.

ಯತೀಶ ವಿರುಪಾಕ್ಷನ ಕಡೆ ತಿರುಗಿದ. ವಿರುಪಾಕ್ಷ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಒಂದು ಲೇಸು ಕಟ್ಟಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಶೇಖರಪ್ಪ ಮಾತ್ರ, "ಅಲ್ಲ ಸಾರ್, ಸಿಡ್ನೀಲಿ ನಾವು ಹಿಂಗೇ ಪಬ್ಬಿಗೆ ಹೋದಾಗ ದೋಣಿ ಎತ್ತಿ ಹುಲ್ಲಿನ ಮೇಲೆ ಇಡ್ತಿದ್ವಿ. ಐದು ಜನ ಇದೀವಲ್ಲ?" ಅಂದ.

"ಸಿಡ್ನಿ ಹುಲ್ಲೇ ಬೇರೆ ಕಣ್ರೀ, ಮಾರ್ಟ್‌ಗೇಜ್ ಕಟ್ಟಿ ಬೆಳೆಸಿರೋದು!" ಅಂದರು ಡಾಕ್ಟರು. ಪದ್ಮಿನಿ ನಕ್ಕರು. ಶೇಖರಪ್ಪನೂ ನಗಲು ಬಾಯಿ ತೆರೆದವನು ಡಾಕ್ಟರ ಮುಖ ನೋಡಿದ, ಪದ್ಮಿನಿಯ ಮುಖ ನೋಡಿದ, ಕೊನೆಗೆ ಯತೀಶನನ್ನು ನೋಡಿದ. ಮಾತು ಹುಲ್ಲಿನದಲ್ಲವೆಂದು ಅವನಿಗೆ ಅರ್ಥವಾಯಿತು. "ಹೌದೌದು, ಗೀರು ಬಿದ್ರೆ ಕಷ್ಟ" ಎಂದು ಮೆಟ್ಟಿಲು ಹತ್ತಿದ. ಅವನ ಹಿಂದೆ ವಿರುಪಾಕ್ಷನೂ.

ಯತೀಶ ಮಂಡಿಯೂರಿ ದೋಣಿಯ ಅಂಚು ಹಿಡಿದ. ನದಿಯಲ್ಲಿ ಮೋಟಾರು ದೋಣಿ ಹಾದಾಗಲೆಲ್ಲ ಅಲೆ ಬಂದು, ಕೈ ಬಿಟ್ಟರೆ ದೋಣಿ ಜೆಟ್ಟಿಗೆ ಹೊಡೆದುಕೊಳ್ಳುವಂತಿತ್ತು. ಬಿಟ್ಟು ಎದ್ದು ಹೋಗಬೇಕೆಂದು ಎರಡು ಸಲ ಬೆರಳು ಸಡಿಲಿಸಿದ. ಎರಡು ಸಲವೂ ಅಲೆ ಬಂತು. ಕೈ ತಾನಾಗಿ ಬಿಗಿಯಾಯಿತು. ತನ್ನ ಕೈಯೇ ಅವರ ಪಕ್ಷ ವಹಿಸಿತ್ತು.

ಅಷ್ಟರಲ್ಲಿ ಇನ್ನೊಂದು ದೋಣಿ ಬಂತು, ಎಲ್ಲ ನರೆತ ಗಂಡಸರು, ಇಲ್ಲಿಯವರೇ. ದೋಣಿ ಎತ್ತಿ ಹುಲ್ಲಿನ ಮೇಲಿಟ್ಟರು. ಅವರಲ್ಲೊಬ್ಬ ತಡೆದು ನಿಂತು ಇಂಗ್ಲಿಷಿನಲ್ಲಿ ಕೇಳಿದ: "ಈ ಸಲವೂ ನೀನೇನಾ? ಎತ್ತೋಣ ಬಾ, ನಾವೂ ಕೈ ಹಾಕ್ತೀವಿ."

"ಬೇಡ, ನನಗೆ ಇಲ್ಲೇ ಇಷ್ಟ" ಅಂದ ಯತೀಶ. ಅಂದ ಮೇಲೆ ತನ್ನ ಬಾಯಿಂದ ಬಂದದ್ದನ್ನು ತಾನೇ ನಂಬಲಿಲ್ಲ.

ಮೇಲೆ ಪಬ್ಬಿನ ಜಗಲಿಯಿಂದ ನಗು ಕೇಳುತ್ತಿತ್ತು. ಪಿಂಗಾಣಿ ತಟ್ಟೆಗಳ ಸದ್ದು. ಸ್ವಲ್ಪ ಹೊತ್ತಿಗೆ ಪದ್ಮಿನಿ ಇಳಿದು ಬಂದು, ರಟ್ಟಿನ ಡಬ್ಬಿಯೊಂದನ್ನು ಅವನ ಪಕ್ಕದ ಹಲಗೆಯ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ. "ಬಿಸಿ ಇದೆ, ತಿಂದು ಡಬ್ಬಿ ಅಲ್ಲೇ ಬಿನ್ನಿಗೆ ಹಾಕ್ಬಿಡಿ. ಪಾಪ, ನಿಮಗೆ ಪ್ರತೀ ಸಲ ತೊಂದ್ರೆ."

"ಮೇಡಂ, ಒಂದು ಮಾತು—"

"ವಾಪಸ್ ಹೋಗ್ತಾ ಮಾತಾಡೋಣ, ಅಲ್ಲಿ ಆರ್ಡರ್ ಬಂದಿದೆ" ಎಂದು ಅವರು ಹತ್ತಿ ಹೋದರು. ಊರಲ್ಲಿ ಯತೀಶನ ಅಜ್ಜಿಗೆ ತೆಂಗಿನ ಚಿಪ್ಪಿನಲ್ಲಿ ಟೀ ಕೊಡುತ್ತಿದ್ದರಂತೆ. ಚಿಪ್ಪನ್ನು ತೊಳೆದು ಸೂರಿನಲ್ಲಿ ಸಿಕ್ಕಿಸಿ ಇಡಬೇಕಿತ್ತಂತೆ. ಇಲ್ಲಿ ತೊಳೆಯುವ ಕೆಲಸವೂ ಇಲ್ಲ. ಯತೀಶ ಡಬ್ಬಿ ಮುಟ್ಟಲಿಲ್ಲ. ಕಡಲಹಕ್ಕಿಗಳು ಬಂದು ಕುಕ್ಕಿ ಚೆಲ್ಲಾಡಿದವು. ಓಡಿಸಲು ಅವನಿಗೆ ಕೈ ಬಿಡುವಿರಲಿಲ್ಲ.

ಊಟ ಮುಗಿಸಿ ನಾಲ್ವರೂ ಇಳಿದು ಬಂದರು. ವಿರುಪಾಕ್ಷ ಅವನ ಕಣ್ಣು ತಪ್ಪಿಸಿ, "ಮುಂದಿನ ಸಲ ಗ್ಯಾರಂಟಿ ಕಣಲೇ" ಎಂದು ಗೊಣಗಿ ತನ್ನ ಜಾಗಕ್ಕೆ ಹೋದ. ಎಲ್ಲರೂ ಕೂತರು. ಯತೀಶನೂ ಕೂತ, ದೋಣಿಯ ಪಟ್ಟಿಗಳಲ್ಲಿ ಕಾಲು ಬಿಗಿದುಕೊಂಡ. ಒಗೆದ ಅಂಗಿಯ ಚೀಲ ಇದ್ದಲ್ಲೇ ಇತ್ತು, ನೀರು ಸಿಡಿದು ಒದ್ದೆಯಾಗಿತ್ತು. ಡಾಕ್ಟರು ಜೆಟ್ಟಿಯನ್ನು ಕೈಯಿಂದ ತಳ್ಳಿದರು. ದೋಣಿ ನಡುನೀರಿಗೆ ಸರಿಯಿತು.

"ರೆಡಿ," ಅಂದರು ಡಾಕ್ಟರು. "ರೋ!" ಹುಟ್ಟು ಹಾಕಿ ಎಂಬ ಹುಕುಂ.

ಅಭ್ಯಾಸಬಲದಿಂದ ಮುಂದೆ ಬಾಗಿದ ವಿರುಪಾಕ್ಷನ ಎರಡೂ ಮುಷ್ಟಿಗಳು ಯತೀಶನ ಬೆನ್ನಿಗೆ ಬಡಿದು ನಿಂತವು. ಆ ಬೆನ್ನು ಅಲುಗಿರಲಿಲ್ಲ. ಹಿಂದಿನ ಹುಟ್ಟುಗಳು ಒಂದಕ್ಕೊಂದು ತಗುಲಿ ಟಕಟಕ ಅಂದವು.

"ಏನಾಯ್ತು?" ಎಂದು ಪದ್ಮಿನಿಯ ದನಿ.

"ಯತೀಶ್ ಅವ್ರೇ, ರೋ ಅಂದೆ."

ಯತೀಶನ ಹುಟ್ಟುಗಳು ನೀರಿನ ಮೇಲೆ ಚಪ್ಪಟೆ ಮಲಗಿದ್ದವು. ಇನ್ನೊಂದು ಭಾನುವಾರ ಇಲ್ಲವೆಂದು ಅವನಿಗೆ ಗೊತ್ತಿತ್ತು. ಕನ್ನಡವೂ ಇಲ್ಲ, ವಿರುಪಾಕ್ಷನೂ ಇಲ್ಲ. ಸಮುದ್ರದ ಇಳಿತಕ್ಕೆ ಸಿಕ್ಕ ನದಿಯ ನೀರು ದೋಣಿಯನ್ನು ಅಡ್ಡಡ್ಡ ತಿರುಗಿಸುತ್ತ ಒಯ್ಯತೊಡಗಿತು.

"ಯತೀ, ಹಾಕಲೇ, ಎಲ್ರೂ ನೋಡ್ತಾ ಇದಾರೆ" ಎಂದು ಬೆನ್ನ ಹಿಂದಿನಿಂದ ವಿರುಪಾಕ್ಷ ಪಿಸುಗುಟ್ಟಿದ.

ಯತೀಶ ಡಾಕ್ಟರ ಮುಖವನ್ನೇ ನೋಡುತ್ತಿದ್ದ. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಡಾಕ್ಟರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು, ಅಲ್ಲಿ ಜಾಗವಿರಲಿಲ್ಲ.

"ಹುಟ್ಟು ಹಾಕಕ್ಕಾಗ್ದಿದ್ರೆ ಜೆಟ್ಟಿಗೆ ವಾಪಸ್ ಹೋಗೋಣ, ನೀವು ಇಳ್ಕೊಂಡ್ಬಿಡಿ."

"ಇಳಿಯಲ್ಲ ಸಾರ್," ಅಂದ ಯತೀಶ. "ಹುಟ್ಟೂ ಹಾಕಲ್ಲ."