ಹಸಿರು ಒತ್ತಿದವನು

ಯಾರಾದರೂ ದಾರಿ ಕೇಳಿದರೆ ಸಾಕು, ಶಟ್ಟೆಪ್ಪನ ಎದೆ ಉಬ್ಬುತ್ತಿತ್ತು. ಮುನವಳ್ಳಿ ಕಡೆಯಿಂದ ಬೈಲಹೊಂಗಲಕ್ಕೆ ಬರುವ ದಾರಿಯ ನಮ್ಮ ಕ್ರಾಸಿನಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಅಲ್ಲಿ ಮೂತಿಗೆ ಮೂತಿ ಹಚ್ಚಿ ನಿಂತುಬಿಡುತ್ತವೆ. ಬಸ್ಸು, ಕಾರು, ಹಾಲಿನ ಗಾಡಿ ಎಲ್ಲ ಅವುಗಳ ಹಿಂದೆ.

ಈ ವರ್ಷ ಅದಕ್ಕೊಂದು ಉಪಾಯ ಬಂತು. ಸರಕಾರದವರು ಕ್ರಾಸಿಗೊಬ್ಬರನ್ನು ಆರಿಸಿ ಅವರ ಮೊಬೈಲಿಗೆ ‘ರಸ್ತೆ ಸುದ್ದಿ’ ಎಂಬ ಆ್ಯಪ್ ಹಾಕಿಕೊಟ್ಟರು. ದಾರಿ ಖಾಲಿ ಇದ್ದರೆ ಹಸಿರು, ನಿಧಾನವಾಗಿದ್ದರೆ ಹಳದಿ, ನಿಂತಿದ್ದರೆ ಕೆಂಪು ಒತ್ತಬೇಕು. ಒತ್ತಿದ ಬಣ್ಣ ಸವದತ್ತಿ, ರಾಮದುರ್ಗದ ಬಸ್‌ಸ್ಟ್ಯಾಂಡಿನ ಬೋರ್ಡಿನ ಮೇಲೆ ಬರುತ್ತದೆ, ಜನರ ಮೊಬೈಲಿಗೂ ಹೋಗುತ್ತದೆ. ಕೆಂಪು ಕಂಡವರು ಯರಗಟ್ಟಿ ಮೇಲೆ ಸುತ್ತು ಹಾಕಿ ಹೋಗುತ್ತಾರೆ. ನಮ್ಮ ಕ್ರಾಸಿಗೆ ಶಟ್ಟೆಪ್ಪ. ಬೆನ್ನ ಮೇಲೆ ‘ರಸ್ತೆ ಸುದ್ದಿ’ ಎಂದು ಬರೆದ ಜಾಕೆಟ್ಟನ್ನೂ ಕೊಟ್ಟಿದ್ದರು. ಅದನ್ನು ತೊಟ್ಟು ಚಹಾ ಕುಡಿಯಲು ಹೋದರೂ ಅವನದು ಸಾಹೇಬರ ನಡಿಗೆ. ಮಂದಿ ನಕ್ಕರೂ, ಕೆಲಸ ಮಾತ್ರ ಚೊಕ್ಕ ಮಾಡುತ್ತಿದ್ದ.

ಮಗಳು ಶೀತಲ್‌ಳನ್ನು ನೋಡಲು ಸಾಲಹಳ್ಳಿಯಿಂದ ಗಂಡಿನವರು ಬರುವ ದಿನದವರೆಗೆ ಅವನ ಬೆರಳು ಸುಳ್ಳು ಹೇಳಿರಲಿಲ್ಲ.

ಒಳ್ಳೆಯ ಮನೆತನ, ಹುಡುಗ ಸುನೀಲ ಸಾಲಿ ಮಾಸ್ತರ. ಆದರೆ ಬರುತ್ತೇವೆ ಎಂದವರು ಒಮ್ಮೆ ಅಮಾವಾಸ್ಯೆ ಎಂದು, ಒಮ್ಮೆ ಕಬ್ಬಿನ ಕಟಾವು ಎಂದು ಮುಂದೂಡಿದ್ದರು. “ಈ ಸಲ ತಪ್ಪಿದ್ರ ಅವರು ಮತ್ತ ಈ ಕಡಿ ಹಾಯೂದಿಲ್ಲ,” ಎಂದು ಹೆಂಡತಿ ಲಗಮವ್ವ ಮುಂಜಾನೆಯಿಂದ ಹೇಳುತ್ತಲೇ ಇದ್ದಳು. ರಸ್ತೆ ಸುದ್ದಿಯ ಮನುಷ್ಯ ತಾನೇ ಎಂಬುದನ್ನು ಶಟ್ಟೆಪ್ಪ ಅವರಿಗೆ ಹೇಳಿರಲಿಲ್ಲ. ಎದುರಿಗೆ ಕೂಡಿಸಿಕೊಂಡು ಗತ್ತಿನಿಂದ ಹೇಳುವ ಆಸೆ. ಅದಕ್ಕೆಂದೇ ಜಾಕೆಟ್ಟಿಗೆ ಇಸ್ತ್ರಿ ಮಾಡಿಸಿ ಪಡಸಾಲೆಯ ಗೂಟಕ್ಕೆ ಹಾಕಿದ್ದ.

ಅಂಗಡಿಗೆ ಹೋಗಿ ನೋಡಿದರೆ ಕ್ರಾಸಿನಲ್ಲಿ ಕಬ್ಬಿನ ಟ್ರೇಲರೊಂದು ಅಡ್ಡ ಬಿದ್ದಿತ್ತು. ದಾರಿಯ ತುಂಬ ಕಬ್ಬು. ಕೆಂಪು ಒತ್ತಬೇಕೆಂದು ಮೊಬೈಲ್ ತೆಗೆದ, ಅಷ್ಟರಲ್ಲಿ ಅದೇ ರಿಂಗಾಯಿತು. ಹುಡುಗನ ಅಪ್ಪ ಸಿದ್ದರಾಮ.

“ಸವದತ್ತ್ಯಾಗ ಅದೇವ್ರಿ. ದಾರಿ ಹೆಂಗೈತಿ ಮುಂದ? ನಮ್ಮಾಕಿಗೆ ಸಕ್ಕರಿ ಬ್ಯಾನಿ, ಭಾಳೊತ್ತ ಗಾಡ್ಯಾಗ ಕುಂದ್ರಾಕ ಆಗೂದಿಲ್ಲ.”

ಯರಗಟ್ಟಿ ಸುತ್ತು ಎಂದರೆ ಇವರು ಹೊಳ್ಳಿಯೇ ಹೋದಾರು. ಮನೆಗೆ ಬರುವವರಿಗೆ ದಾರಿ ಸರಿ ಇಲ್ಲ ಎನ್ನುವುದೂ ಬರಬೇಡಿ ಎನ್ನುವುದೂ ನಮ್ಮ ಕಡೆ ಒಂದೇ. ಬಾಯಿ ತಾನಾಗಿ ಹೇಳಿಬಿಟ್ಟಿತು: “ಬರ್ರಿ ಬರ್ರಿ, ದಾರಿ ಚಲೋ ಐತಿ.”

“ತಡೀರಿ, ಬೋರ್ಡ್ ಒಂದಿಷ್ಟ ನೋಡೇ ಹೊಂಡತೇವಿ.”

ಶಟ್ಟೆಪ್ಪ ಬಿದ್ದ ಟ್ರೇಲರನ್ನು ನೋಡಿದ. ಜೆಸಿಬಿ ಬಂದರೆ ಎಷ್ಟು ಹೊತ್ತಿನ ಕೆಲಸ ಎಂದು ತನಗೆ ತಾನೇ ಹೇಳಿಕೊಂಡ. ಹಸಿರು ಒತ್ತಿದ.

ಜೆಸಿಬಿ ಬರಲಿಲ್ಲ, ಗಾಡಿಗಳು ಬಂದವು. ಹಸಿರು ನಂಬಿದ ಬಸ್ಸು, ಟೆಂಪೊ, ಕಾರು ಎಲ್ಲ ಬಂದು ಬಂದು ಸಾಲು ಮುನವಳ್ಳಿಯ ಕಡೆಗೆ ಬೆಳೆಯಿತು. ಹಿಂದೆ ಸರಿಯಲೂ ಜಾಗವಿರಲಿಲ್ಲ. ಆಮೇಲೆ ಕೆಂಪು ಒತ್ತಿದ, ಆದರೆ ಆಗ ಒತ್ತಿ ಏನು ಬಂತು? ಅಂಗಡಿಯ ಬಾಗಿಲು ಎಳೆದು ಕಳ್ಳನ ಹಾಗೆ ಮನೆ ಸೇರಿದ.

ಮುಂಜಾನೆ ಬರಬೇಕಾದವರು ಬಂದಾಗ ಮಧ್ಯಾಹ್ನ ಇಳಿದಿತ್ತು. ಸಿದ್ದರಾಮ ಇಳಿದ, ಸುನೀಲ ಇಳಿದ. ಹುಡುಗನ ತಾಯಿ ಸುಂದರವ್ವ ಕಡೆಗೆ ಇಳಿದಳು, ನಿರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ. ಕಾಲಿಗೆ ನೀರು ತಂದ ಲಗಮವ್ವನ ಕಿವಿಯಲ್ಲಿ ಏನೋ ಹೇಳಿದಳು. ಲಗಮವ್ವ ತಂಬಿಗೆ ಅಲ್ಲೇ ಇಟ್ಟು, ಅವಳ ಕೈ ಹಿಡಿದು ಹಿತ್ತಲ ಬಚ್ಚಲಿಗೆ ಕರೆದೊಯ್ದಳು.

ಸ್ವಲ್ಪ ಹೊತ್ತಿಗೆ ಲಗಮವ್ವ ಗಂಡನನ್ನು ಅಡುಗೆಮನೆಗೆ ಕರೆದಳು.

“ಸುತ್ತ ಬರೇ ಗಂಡಸರು, ಟ್ರ್ಯಾಕ್ಟರಿನ ಡ್ರೈವರ್ ಮಂದಿ. ಇಳದು ಎಲ್ಲಿ ಹೋಗಬೇಕು ಆಕಿ? ತಡಿಯೂಷ್ಟ ತಡದಾಳ. ಗಾಡ್ಯಾಗ ಆಗಿಬಿಟ್ಟೈತಿ, ಹೊಟ್ಟ್ಯಾಗ ಹುಟ್ಟಿದ ಮಗನ ಮುಂದ. ನನ್ನ ಸೀರಿ ಕೊಟ್ಟೇನಿ.” ಅವಳು ಗಂಡನ ಮುಖವನ್ನೇ ನೋಡಿದಳು. “ನೀವೇನ ಒತ್ತಿದ್ರಿ ಇವತ್ತ?”

ಶಟ್ಟೆಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು.

ಪಡಸಾಲೆಗೆ ಬಂದರೆ ಸುಂದರವ್ವ ಲಗಮವ್ವನ ಇಳಕಲ್ ಸೀರೆ ಉಟ್ಟು ಗೋಡೆಗೆ ಆತು ಕೂತಿದ್ದಳು. ಹೆಣ್ಣು ನೋಡಲು ಬಂದವಳು ಹೆಣ್ಣಿನ ಮನೆಯ ಸೀರೆಯಲ್ಲಿ. ಅವಳದು ಹಿತ್ತಲ ಹಗ್ಗದ ಮೇಲೆ ಒಣಗುತ್ತಿತ್ತು.

“ನೀವು ಪಾಪ ಮನ್ಯಾಗ ಇದ್ರಿ, ನಿಮಗೇನ ಗೊತ್ತು ಬಿಡ್ರಿ,” ಎಂದ ಸಿದ್ದರಾಮ. “ಆದ್ರ ಆ ಹಸರ ಒತ್ತಿದಾಂವ ಯಾವನೋ ಏನೋ. ಅವನಿಗೆ ಅಕ್ಕತಂಗಿ ಇಲ್ಲೇನ್ರಿ?”

ಅವಲಕ್ಕಿಯ ತಾಟು ಹಿಡಿದು ಬಂದ ಶೀತಲ್‌ಗೆ ಆ ಮಾತು ಕೇಳಿಸಿತು. ತಾಟುಗಳನ್ನು ಇಟ್ಟಳು. ಹೋಗುವಾಗ ಏನೂ ಆಗದವಳಂತೆ ಗೂಟದ ಮೇಲಿನ ಜಾಕೆಟ್ಟನ್ನು ತೆಗೆದು, ಮಡಚಿ, ಸೆರಗಿನಡಿ ಇಟ್ಟುಕೊಂಡು ಒಳಗೆ ನಡೆದಳು.

ಸಿದ್ದರಾಮ ಬೈದದ್ದನ್ನು ಶಟ್ಟೆಪ್ಪ ನುಂಗಿಕೊಂಡಿದ್ದ. ಇದನ್ನು ನುಂಗಲಾಗಲಿಲ್ಲ. ಮದುವೆಯಾಗಿ ಹೋಗಬೇಕಾದ ಮನೆಯವರ ಮುಂದೆ ಮಗಳು ಮೊದಲು ಮಾಡಿದ ಕೆಲಸ ಅಪ್ಪನ ಸುಳ್ಳು ಮುಚ್ಚಿಟ್ಟದ್ದು.

“ಶೀತಲ್, ಜಾಕೆಟ್ ತಗೊಂಬಾ.”

ಅವಳು ಬಾಗಿಲಲ್ಲಿ ಬಂದು ನಿಂತಳು, ತರಲಿಲ್ಲ. ಅವನೇ ಎದ್ದು ಹೋಗಿ ತಂದು ಅವರ ಮುಂದೆ ಇಟ್ಟ.

“ಹಸರ ಒತ್ತಿದಾಂವ ನಾನ ರೀ. ಟ್ರೇಲರ್ ಬಿದ್ದದ್ದ ನೋಡೇ ಒತ್ತಿದೆ. ಕೆಂಪ ಒತ್ತಿದ್ರ ನೀವು ಹೊಳ್ಳಿ ಹೋಗ್ತೀರಿ ಅನಿಸ್ತು.”

ಸಿದ್ದರಾಮ ಕೈಯಲ್ಲಿದ್ದ ತಾಟು ಕೆಳಗಿಟ್ಟ. ಸುನೀಲ ನೆಲ ನೋಡಿದ. ಬೈದಿದ್ದರೆ ಶಟ್ಟೆಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಸುಂದರವ್ವ ಸೆರಗು ಹೊದ್ದುಕೊಂಡು ಮೊದಲ ಸಲ ಅವನ ಮುಖ ನೋಡಿದಳು.

“ನಾಳೆ ಬರ್ತಿದ್ವಿ, ಅಣ್ಣಾರ,” ಎಂದಳು. ಅಷ್ಟೇ.

ಹೊರಡುವಾಗ ಅವಳ ಸೀರೆ ಇನ್ನೂ ಹಸಿಯಿತ್ತು. ಲಗಮವ್ವ ಅದನ್ನು ಚೀಲಕ್ಕೆ ಹಾಕಿಕೊಟ್ಟು, “ಉಟ್ಟದ್ದು ನಿಮಗ ಇರ್ಲಿ ಅಕ್ಕಾರ,” ಎಂದಳು. ಸುಂದರವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಂಬಂಧ ಕೂಡುವುದಿದ್ದರೆ ಅಂಥ ಸೀರೆಯನ್ನು ಯಾರೂ ತಿರುಗಿ ಕಳಿಸುವುದಿಲ್ಲ. ಲಗಮವ್ವ ಆ ಆಸೆಯ ಮೇಲೇ ದಿನ ದೂಡಿದಳು.

ಮುಂದಿನ ವಾರ ರಾಮದುರ್ಗದ ಬಸ್ಸಿನ ಕಂಡಕ್ಟರ್ ಅಂಗಡಿಯ ಮುಂದೆ ಒಂದು ಚೀಲ ಕೊಟ್ಟು ಹೋದ. ಶೀತಲ್ ಅಪ್ಪನಿಗೆ ಬುತ್ತಿ ತಂದಿದ್ದಳು, ಅವಳೇ ಬಿಚ್ಚಿದಳು. ಇಳಕಲ್ ಸೀರೆ.

“ಒಗದಾರ,” ಎಂದಳು. “ಇಸ್ತ್ರೀನೂ ಮಾಡ್ಯಾರ.” ಸೀರೆಯನ್ನು ಮತ್ತೆ ಚೀಲದಲ್ಲಿಟ್ಟು ಬುತ್ತಿಯ ಗಂಟು ಬಿಚ್ಚಿದಳು. “ಉಣ್ಣಪಾ, ರೊಟ್ಟಿ ಆರತಾವು.”

ಅವನು ಉಣ್ಣಲಿಲ್ಲ. ಮೊಬೈಲ್ ಹಿಡಿದು ಕ್ರಾಸಿನ ನಡುವಿನವರೆಗೆ ನಡೆದುಹೋದ. ಮುನವಳ್ಳಿಯ ಕಡೆ ನೋಡಿದ, ಬೈಲಹೊಂಗಲದ ಕಡೆ ನೋಡಿದ. ದಾರಿ ಖಾಲಿ ಇತ್ತು. ಮತ್ತೊಮ್ಮೆ ಎರಡೂ ಕಡೆ ನೋಡಿ, ಆಮೇಲೆ ಹಸಿರು ಒತ್ತಿದ.