ಕೆಳಗಿಟ್ಟ ದನಿ

ಹನ್ನೊಂದನೆಯ ಸಲವೂ ಹಾಡಿನ ಕೊನೆಯಲ್ಲಿ ಮಾರ್ನಿಯ ಅರಚು ನಡುವೆಯೇ ಮುರಿದುಬಿತ್ತು. ಮೊದಲಿನ ಎರಡು ಪದಗಳಿಗೆ ಗ್ಯಾರೇಜಿನ ತಗಡಿನ ಬಾಗಿಲು ಗಡಗಡ ಅಂದಿತು. ಮೂರನೆಯದು ಗಂಟಲಲ್ಲೇ ಸಿಕ್ಕಿಕೊಂಡು ಒಣಕೆಮ್ಮಾಗಿ ಹೊರಬಂತು. ಹಿತ್ತಲಲ್ಲಿ ಕಟ್ಟಿಹಾಕಿದ್ದ ಪಿಕಲ್ ಊಳಿಟ್ಟಿತು. ಮಾರ್ನಿ ಬಾಯಿ ತೆಗೆದಾಗಲೆಲ್ಲ ಆ ನಾಯಿಯದು ಅದೇ ಗೋಳು. ಹಾಗಾಗಿ ರೆಕಾರ್ಡಿಂಗ್ ಇದ್ದ ದಿನ ಅದಕ್ಕೆ ಹಿತ್ತಲೇ ಗತಿ.

"ಇನ್ನೊಂದ್ಸಲ," ಎಂದಳು ಮಾರ್ನಿ, ಮಂಡಿಯ ಮೇಲೆ ಕೈಯೂರಿ ಬಗ್ಗಿಕೊಂಡೇ. "ಮೊದ್ಲು ಆ ಹಳೇದನ್ನ ಹಾಕು. ಅದಕ್ಕೆ ಸಮ ಬರೋವರ್ಗೂ ನಾನು ಬಿಡಲ್ಲ."

ಕಂಪ್ಯೂಟರಿನ ಮುಂದೆ ಕೂತಿದ್ದ ಟಾಮ್ಸಿನ್ ಅಕ್ಕನ ಕತ್ತಿನ ನರಗಳನ್ನೇ ನೋಡುತ್ತಿದ್ದಳು. ಲಾನ್ಸೆಸ್ಟನ್ನಿನ ಡಾಕ್ಟರು ಆ ಗಂಟಲಿನೊಳಗಿಂದ ಅವರೆಕಾಳಿನಷ್ಟು ಗಂಟೊಂದನ್ನು ತೆಗೆದು ಐದು ತಿಂಗಳಾಗಿತ್ತು. ಅರಚಬಹುದು, ಆದರೆ ಮೆತ್ತಗೆ ಅರಚಬೇಕು ಎಂದಿದ್ದರು. ತಮ್ಮೂರು ಬರ್ನಿಗೆ ವಾಪಸು ಬರುವ ದಾರಿಯುದ್ದಕ್ಕೂ ಮಾರ್ನಿ ಅದನ್ನೇ ಆಡಿಕೊಂಡು ನಕ್ಕಿದ್ದಳು. "ಮೆತ್ತಗೆ ಅರಚೋದಂತೆ! ನೆನೀದಂಗೆ ಈಜು ಅಂದಹಾಗಾಯ್ತು."

ಪಕ್ಕದ ಬಾಗಿಲು ತಳ್ಳಿಕೊಂಡು ಅವರ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಡೆಸ್ ಒಳಗೆ ಬಂದ. ಕೈಯಲ್ಲಿ ಸ್ಕಾಲಪ್ ಚಿಪ್ಪುಮೀನಿನ ಪೈಗಳ ಪೊಟ್ಟಣ, ಮೈಮೇಲೆ ಬ್ಯಾಂಡಿನ ಮಾಸಿದ ಟೀ ಶರ್ಟು. ಅದರ ಎದೆಯ ಮೇಲೆ 'ಯಂತ್ರವಿಲ್ಲ, ಬರೀ ಗಂಟಲು' ಎಂದು ಅಚ್ಚಾಗಿತ್ತು.

"ಪಕ್ಕದ್ಮನೆ ಅಜ್ಜಿ ಕೇಳ್ತಿದ್ರು, ಒಳಗೆ ಯಾರಿಗಾದ್ರೂ ಹೆರಿಗೆನಾ ಅಂತ."

"ಆಗ್ತಾ ಇದೆ, ನಿನ್ನಂಥದೇ ಒಂದು ಮೂತಿ ಹೊರಗೆ ಬರ್ತಿದೆ ಅನ್ನು."

ಡೆಸ್ ನಕ್ಕ. ಆಮೇಲೆ ಅವಳ ದನಿ ಕೇಳಿಸಿಕೊಂಡು ನಗು ನಿಲ್ಲಿಸಿದ. "ನೀರು ಕುಡಿಯೇ ಮಾರಾಯ್ತಿ."

"ಸಂಜೆ ಫೋನ್ ಮಾಡ್ತೀನಿ," ಎಂದಳು ಮಾರ್ನಿ. "ಇವತ್ತು ಬಂದ್ರೆ ಬಂತು. ಇಲ್ಲಾಂದ್ರೆ ಹಾಡೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ." ಅವಳು ತಮಾಷೆ ಮಾಡುತ್ತಿಲ್ಲ ಎನ್ನುವುದು ಡೆಸ್‌ಗೆ ಗೊತ್ತಾಯಿತು. ಪೈಗಳನ್ನು ಸ್ಟೂಲಿನ ಮೇಲಿಟ್ಟು, ಟಾಮ್ಸಿನ್‌ಳ ತಲೆ ಮೆಲ್ಲಗೆ ತಟ್ಟಿ, ಕೆಲಸದ ಹೊತ್ತಾಯಿತೆಂದು ಹೊರಟುಹೋದ.

ಟಾಮ್ಸಿನ್ ಹಳೆಯ ಹಾಡು ಹಾಕಿದಳು. ಒಂಬತ್ತು ವರ್ಷದ ಹಿಂದಿನ ಮಾರ್ನಿ ಗ್ಯಾರೇಜನ್ನು ತುಂಬಿಕೊಂಡಳು. ಕಬ್ಬಿಣವನ್ನು ಕಬ್ಬಿಣದಿಂದ ಸೀಳಿದಂಥ ದನಿ, ಆದರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುವ ದನಿ. ಹೋಬಾರ್ಟಿನಿಂದ, ಮೆಲ್ಬೊರ್ನಿನಿಂದ ಜನ ಕಾಗದ ಬರೆದದ್ದು ಆ ದನಿಗೆ. ಅದನ್ನು ಕೇಳುತ್ತ ಮಾರ್ನಿ ಕಣ್ಣು ಮುಚ್ಚಿ ತಲೆಯಾಡಿಸಿದಳು, ತೀರಿಹೋದ ಗೆಳತಿಯ ಫೋಟೋ ನೋಡುವವರ ಹಾಗೆ.

"ನೋಡು, ಏನು ಕಂಠ ಇತ್ತು ಹುಡುಗಿಗೆ," ಎಂದು ಮೈಕಿನ ಮುಂದೆ ಹೋಗಿ ನಿಂತು ಎದೆ ತುಂಬ ಉಸಿರೆಳೆದುಕೊಂಡಳು.

"ಬೇಡ," ಎಂದಳು ಟಾಮ್ಸಿನ್.

"ಏನು ಬೇಡ?"

ಟಾಮ್ಸಿನ್ ಕೀಲಿಮಣೆಯತ್ತ ತಿರುಗಿದಳು. ಅಮ್ಮ ದ್ವೀಪ ಬಿಟ್ಟು, ಸಮುದ್ರ ದಾಟಿ ಮೇನ್‌ಲ್ಯಾಂಡಿಗೆ ಹೋಗಿಬಿಟ್ಟಾಗ ಅವಳಿಗೆ ಹತ್ತು ವರ್ಷ, ಮಾರ್ನಿಗೆ ಹದಿನೆಂಟು. ಅವತ್ತಿನಿಂದ ಜಡೆ ಹೆಣೆದದ್ದು, ಶಾಲೆಗೆ ಸ್ಯಾಂಡ್‌ವಿಚ್ ಕಟ್ಟಿದ್ದು, ಕಾಲೇಜಿನ ಬಾಗಿಲವರೆಗೆ ಬಿಟ್ಟು ಬಂದದ್ದು ಎಲ್ಲ ಮಾರ್ನಿಯೇ. ಅವಳೆದುರು ಟಾಮ್ಸಿನ್ ಮುಚ್ಚಿಟ್ಟ ಸಂಗತಿ ಇದೊಂದೇ. ಬಾಯಿಂದ ಆಗದ್ದನ್ನು ಅವಳು ಕೈಯಿಂದ ಮಾಡಿದಳು. ಹಳೆಯ ಹಾಡಿನ ಕಡತ ತೆರೆದು, ತೆರೆಯ ಮೇಲೆ ಮಾರ್ನಿಯ ದನಿಯ ಎರಡು ಟ್ರ್ಯಾಕುಗಳಲ್ಲಿ ಕೆಳಗಿನದರ ಸದ್ದಡಗಿಸಿ, ಮೇಲಿನದನ್ನಷ್ಟೇ ಕೇಳಿಸಿದಳು.

ಸ್ಪೀಕರಿನಿಂದ ಒಂದು ಸಣ್ಣ ದನಿ ಬಂತು. ಒಣಗಿದ, ಸುಸ್ತಾದ, ಪದದ ಕೊನೆಯಲ್ಲಿ ನಡುಗುವ ದನಿ.

"ಯಾರಿದು?"

"ನೀನೇ."

"ಸುಳ್ಳು."

"ಬಟಾಣಿ ಸೀಜನ್ ಅದು. ನೀನು ಫ್ಯಾಕ್ಟರಿಲಿ ಎರಡು ಶಿಫ್ಟ್ ಮುಗಿಸ್ಕೊಂಡು ಬಂದಿದ್ದೆ. ನಿಂತ್ಕೊಳ್ಳೋಕೂ ಆಗ್ತಿರ್ಲಿಲ್ಲ. ಸ್ಟೂಲ್ ಮೇಲೆ ಕೂತು, ಮೈಕಿಗೆ ತುಟಿ ತಾಗಿಸ್ಕೊಂಡು ಹೇಳ್ದೆ. ನಾನು..." ಟಾಮ್ಸಿನ್ ಮೇಜಿನ ಕೆಳಗೆ ಕೈಹಾಕಿ, ಗಿಟಾರಿನ ದನಿಯನ್ನು ಸೀಳಿ ಒರಟಾಗಿಸುವ, ಬಣ್ಣ ಕಿತ್ತುಹೋದ ಡಿಸ್ಟಾರ್ಷನ್ ಪೆಡಲನ್ನು ತೆಗೆದು ಮೇಲಿಟ್ಟಳು. ಇಟ್ಟಿಗೆಯ ಅರ್ಧದಷ್ಟಿದ್ದ ಕಬ್ಬಿಣದ ಡಬ್ಬಿ. "ನಿನ್ನ ದನಿನೇ ಇದರೊಳಗೆ ಹಾಯಿಸಿ, ಆ ಬರೀ ದನಿ ಕೆಳಗಡೆ ಇಟ್ಟೆ. ಸ್ವಲ್ಪವೇ. ಇದೆ ಅಂತ ಗೊತ್ತಾಗ್ಬಾರ್ದು, ತೆಗೆದ್ರೆ ಮಾತ್ರ ಗೊತ್ತಾಗ್ಬೇಕು, ಅಷ್ಟು."

ಮಾರ್ನಿ ಡಬ್ಬಿಯನ್ನೇ ನೋಡಿದಳು. "ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷ ಸ್ಟೇಜ್ ಮೇಲೆ ನಿಂತ್ಕೊಂಡು, ಯಂತ್ರ ಹಾಕೋರೆಲ್ಲ ಹೇಡಿಗಳು ಅಂತ ಬೈದಿದೀನಿ ನಾನು. ನೀನು ಕೆಳಗೆ ನಿಂತು ಚಪ್ಪಾಳೆ ತಟ್ಟಿದೀಯ."

"ಹೌದು."

"ಯಾಕೆ ಹೇಳ್ಲಿಲ್ಲ?"

"ನೀನು ಅದನ್ನ ಕೇಳಿ ಅಷ್ಟು ಖುಷಿಯಾಗಿದ್ದೆ. ಅಡುಗೆಮನೇಲಿ ಕುಣಿದೆ ನೀನು. ಅದಕ್ಕೆ ಮುಂಚೆ ನೀನು ಕುಣಿದದ್ದನ್ನ ನಾನು ನೋಡೇ ಇರ್ಲಿಲ್ಲ."

ಮಾರ್ನಿ ಹೆಡ್‌ಫೋನನ್ನು ಕುತ್ತಿಗೆಯಿಂದ ತೆಗೆದು ಕೊಕ್ಕೆಗೆ ಸಿಕ್ಕಿಸಿ ಹೊರಗೆ ಹೋದಳು. ಬಾಗಿಲು ಹಾಕಿದ ಸದ್ದೂ ಆಗಲಿಲ್ಲ. ಅದೇ ಟಾಮ್ಸಿನ್‌ಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಾರು ಶುರುವಾಗುವುದನ್ನು ಕಾಯುತ್ತ ಕೂತಳು. ಅಷ್ಟರಲ್ಲಿ ಬಂದರಿನ ಕಡೆಯಿಂದ ಗಾಳಿ ಎದ್ದು, ಮರದ ಚಕ್ಕೆಯ ರಾಶಿಯ ಹಸಿ ವಾಸನೆ ಹೊತ್ತು ತಂದಿತು. ಹಿಂದೆಯೇ ತಗಡಿನ ಮೇಲೆ ನಾಲ್ಕು ಹನಿ. ಪೈಗಳು ತಣ್ಣಗಾದವು.

ಕಾರು ಶುರುವಾಗಲಿಲ್ಲ. ಬಾಗಿಲು ತೆರೆದಾಗ ಮೊದಲು ಒಳಗೆ ಬಂದದ್ದು ಪಿಕಲ್, ಮೈಯೆಲ್ಲ ಒದ್ದೆ ಮಾಡಿಕೊಂಡು. ಅದರ ಹಿಂದೆ ಮಾರ್ನಿ. ಅವಳ ಕಣ್ಣು ಕೆಂಪಗಿದ್ದವು, ಕೂದಲಿನಿಂದ ನೀರು ಇಳಿಯುತ್ತಿತ್ತು.

"ಆ ಟೀ ಶರ್ಟ್ ಇನ್ನೂ ನಲವತ್ತು ಮಿಕ್ಕಿವೆ," ಎಂದಳು.

"ಗೊತ್ತು."

"ಕಾರು ಒರೆಸೋಕಾಗುತ್ತೆ." ಪಿಕಲ್‌ನ ಒದ್ದೆ ತಲೆ ಸವರುತ್ತ, "ಎಷ್ಟು ಚಿಕ್ಕವಳಿದ್ದೆ ಅಲ್ವಾ ನಾನು ಆ ದನೀಲಿ. ಎಷ್ಟು ದಣಿದಿದ್ದೆ. ಯಾರಾದ್ರೂ ಅವಳನ್ನ ಮನೆಗೆ ಕರ್ಕೊಂಡ್ ಹೋಗ್ಬಾರ್ದಾ ಅನ್ನಿಸ್ತು," ಎಂದಳು.

ಟಾಮ್ಸಿನ್ ಸೀದಾ ಎದ್ದು ಹೋಗಿ ಟವೆಲು ಕೊಟ್ಟಳು. ಮಾರ್ನಿ ತಲೆ ಒರೆಸಿಕೊಳ್ಳುತ್ತ ಡಬ್ಬಿಯತ್ತ ಗಲ್ಲ ಎತ್ತಿದಳು. "ಈಗಲೂ ಕೆಲಸ ಮಾಡುತ್ತಾ ಅದು?"

"ಜೋರಾಗಿ ಅರಚಿದ್ರೆ ಮಾಡಲ್ಲ. ಡಬ್ಬದಲ್ಲಿ ಕಣಜದ ಹುಳ ತುಂಬಿದಂಗಾಗುತ್ತೆ, ಒಂದು ಮಾತೂ ಕೇಳಲ್ಲ. ಮೆತ್ತಗೆ ಹೇಳಿದ್ರೆ ಮಾತ್ರ ಅರಳುತ್ತೆ."

"ಡಾಕ್ಟರಿಗೂ ನಿಂಗೂ ಒಳಗೊಳಗೇ ಒಪ್ಪಂದ ಆಗಿದೆ." ಮಾರ್ನಿ ಸ್ಟೂಲಿನಿಂದ ಪೈಗಳನ್ನು ಎತ್ತಿ ಕೆಳಗಿಟ್ಟು, ಅದನ್ನು ಮೈಕಿನ ಬಳಿ ಎಳೆದುಕೊಂಡು ಕೂತಳು. "ಎಷ್ಟು ಹತ್ತಿರ ಬರ್ಬೇಕು ಹೇಳು, ಪುಟ್ಟೀ."

"ತುಟಿ ತಾಗೋಷ್ಟು."

"ಪಿಕಲ್‌ನ ಹೊರಗೆ ಹಾಕ್ಲಾ?"

"ಮಳೆ ಬರ್ತಿದೆ. ಇರ್ಲಿ."

ಟಾಮ್ಸಿನ್ ತಂತಿ ಜೋಡಿಸಿ, ಹೆಡ್‌ಫೋನು ಹಾಕಿಕೊಂಡು ಬೆರಳೆತ್ತಿದಳು. ಮಾರ್ನಿ ಉಸಿರೆಳೆದುಕೊಂಡದ್ದು ಕಾಣಲೇ ಇಲ್ಲ. ಮಲಗಿದ ಮಗುವಿನ ಕಿವಿಯಲ್ಲಿ ಹೇಳುವಷ್ಟು ದನಿಯಲ್ಲಿ, ಗಂಟಲ ಬುಡದಿಂದ ಗುರುಗುಟ್ಟುತ್ತ, ಹಾಡಿನ ಕೊನೆಯ ಸಾಲುಗಳನ್ನು ಹೇಳಿದಳು. ಕತ್ತಿನ ನರ ಒಂದೂ ಉಬ್ಬಲಿಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಆ ದನಿ ಸೀಳಿ, ಹರಡಿ, ಊರ ಮುಂದಿನ ಬಾಸ್ ಸ್ಟ್ರೇಟ್ ಸಮುದ್ರದ ಅಲೆ ಬಂಡೆಗೆ ಹೊಡೆದ ಹಾಗೆ ಎದ್ದು ನಿಂತಿತು. ಮೂರನೆಯ ಪದ ಬಂತು. ನಾಲ್ಕನೆಯದೂ ಬಂತು. ಕೊನೆಯದು ಇಡಿಯಾಗಿ ಬಂದು, ಇಡಿಯಾಗಿ ಮುಗಿಯಿತು.

ಮುಗಿದ ಮೇಲೂ ಹೆಡ್‌ಫೋನಿನಲ್ಲಿ ಏನೋ ಉಳಿದಿತ್ತು. ನಿಧಾನವಾಗಿ ಏರುತ್ತ, ಇಳಿಯುತ್ತ, ಒಂದು ದೊಡ್ಡ ಗರಗರ. ಟಾಮ್ಸಿನ್ ಬಗ್ಗಿ ನೋಡಿದಳು. ಮಾರ್ನಿಯ ಪಾದದ ಮೇಲೆ ಗಲ್ಲವಿಟ್ಟು ಪಿಕಲ್ ಗೊರಕೆ ಹೊಡೆಯುತ್ತಿತ್ತು.

ಅದನ್ನು ಕತ್ತರಿಸಲೆಂದು ಹೋದ ಬೆರಳು ಕೀಲಿಯ ಮೇಲೆ ಅಲ್ಲೇ ನಿಂತಿತು. ಆಮೇಲೆ ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಇನ್ನೂ ಸ್ವಲ್ಪ ಹೊತ್ತು ರೆಕಾರ್ಡಾಗಲು ಬಿಟ್ಟಳು.