ಶಂಕರಿಯ ಕೈ ಅಳತೆ

ಸುಳ್ಯ ಪೇಟೆಯಲ್ಲಿ ಬೋಜಪ್ಪನ ಹೋಟೆಲಿನ ಗೋಳಿಬಜೆಗೆ ಎಷ್ಟು ಹೆಸರಿತ್ತೋ ಅವನ ಮನೆಯ ಕುಲೆಗೂ ಅಷ್ಟೇ ಹೆಸರಿತ್ತು. ಕುಲೆ ಎಂದರೆ ಸತ್ತ ಮೇಲೂ ಮನೆ ಬಿಡದವರು. ಗೋಳಿಬಜೆಗಾಗಿ ಜನ ಓಡಿ ಬರುತ್ತಿದ್ದರು. ಹೋಟೆಲಿನ ಹಿಂದಿನ ಮನೆಗೆ ಹೆಣ್ಣು ನೋಡಲು ಬಂದವರು ಓಡಿ ಹೋಗುತ್ತಿದ್ದರು.

ಮೊದಲ ಸಂಬಂಧ ಬಂದಾಗ ಹುಡುಗನ ಸೋದರಮಾವನ ಮುಂಡಾಸು ತಲೆಯಿಂದ ತಾನಾಗಿ ಎದ್ದು ಹೋಗಿ ಮಾಡಿನ ಪಕ್ಕಾಸಿಗೆ ನೇತುಬಿತ್ತು. ಎರಡನೆಯವರು ಕುಡಿಯಲು ಎತ್ತಿದ ಕಾಫಿಯನ್ನು ಲೋಟದೊಳಗಿಂದ ಯಾರೋ ಮುಖಕ್ಕೆ ಊದಿದರು. ಮೂರನೆಯವನು ಭಾರೀ ಧೈರ್ಯಸ್ಥ. ಭೂತಗೀತ ಎಲ್ಲ ಸುಳ್ಳು ಎಂದು ಬಾಯಿ ಮುಚ್ಚುವುದರೊಳಗೆ ಅವನ ಕಿವಿಯನ್ನು ಯಾರೋ ತಿರುಪಿದರು, ತಿರುಪುವ ಕೈ ಮಾತ್ರ ಕಾಣಲಿಲ್ಲ. ಧೈರ್ಯಸ್ಥ ಚಪ್ಪಲಿ ಬಿಟ್ಟೇ ಕಬಕದ ಬಸ್ಸು ಹತ್ತಿದ.

ಈ ಮೂವರಿಗಾಗಿ ಬೋಜಪ್ಪನ ಮಗಳು ಕಮಲಾವತಿ ಒಂದು ಹನಿ ಕಣ್ಣೀರೂ ಹಾಕಿದವಳಲ್ಲ. ಕೊಲ್ಲಮೊಗ್ರಿನ ಮಹೇಶ್ವರನ ವಿಷಯ ಬೇರೆ. ಪೇಟೆಗೆ ಬಂದಾಗಲೆಲ್ಲ ಹಸಿವಿಲ್ಲದಿದ್ದರೂ ಗೋಳಿಬಜೆ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ಗಂಡಸಿನ ಮನಸ್ಸು ಯಾವ ಹುಡುಗಿಗೆ ತಿಳಿಯುವುದಿಲ್ಲ? ಅವಳಿಗೂ ಅವನೇ ಬೇಕಿತ್ತು. ಆದರೆ ಅವನ ತಾಯಿ ಕಡ್ಡಿ ಮುರಿದಂತೆ ಹೇಳಿ ಕಳುಹಿಸಿದ್ದರು: "ಮೊದಲು ನಿಮ್ಮ ಹಿರಿಮಗಳ ಮದುವೆ ಮಾಡಿ. ಈ ಆಟಿ ತಿಂಗಳೊಳಗೆ ಆಗದಿದ್ದರೆ ನಾವು ಬೇರೆ ಹುಡುಗಿ ನೋಡುದು."

ಹಿರಿಮಗಳು ಶಂಕರಿ, ನಾಲ್ಕು ವರ್ಷದವಳಿರುವಾಗಲೇ ಜ್ವರದಲ್ಲಿ ತೀರಿಕೊಂಡವಳು. ಸತ್ತರೇನಾಯಿತು, ಅಕ್ಕ ಅಕ್ಕನೇ. ಅವಳನ್ನು ಮೂಲೆಯಲ್ಲಿ ಕೂರಿಸಿ ತಂಗಿ ಹಸೆ ಏರಿದರೆ ಸಿಟ್ಟು ಬಾರದೆ ಇದ್ದೀತೆ? ಇಂಥವರಿಗೆ ಸತ್ತ ಹುಡುಗನನ್ನೇ ಹುಡುಕಿ ಮದುವೆ ಮಾಡಿಸುವುದು ಈ ಸೀಮೆಯ ಪದ್ಧತಿ. ಹುಡುಕಿದ್ದಕ್ಕೆ ಇಚಿಲಂಪಾಡಿಯ ಜತ್ತಪ್ಪನ ಮನೆಯಲ್ಲಿ, ಚಿಕ್ಕಂದಿನಲ್ಲೇ ಹೊಳೆಪಾಲಾದ ಮಗನೊಬ್ಬ ಸಿಕ್ಕಿದ. ಬಳಿ, ಅಂದರೆ ಗೋತ್ರ, ಬೇರೆ, ಮನೆತನ ಒಳ್ಳೆಯದು, ವರ ಬೀಡಿ ಸೇದುವವನಲ್ಲ. ಇನ್ನೇನು ಬೇಕು?

ಐವತ್ತೆಂಟನೇ ಇಸವಿಯ ಆಟಿಯಲ್ಲಿ, ಸತ್ತವರ ಮದುವೆಗೆ ಒಗ್ಗುವ ಆ ಮಳೆತಿಂಗಳಲ್ಲಿ, ಒಂದು ದಿನ ದಿಬ್ಬಣ ಬಂತು. ಮಳೆ ಬಿಟ್ಟಾಗಿನ ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ, ಅಂಥ ಬಿಸಿಲು. ವರನನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದರು: ಪಂಚೆ, ಅಂಗಿ, ಜರಿಯ ಶಲ್ಯ. ವಧುವಿಗೆಂದು ಕೆಂಪು ಧಾರೆಸೀರೆಯೂ ಇತ್ತು. ಕೋಳಿಸಾರಿನ ಪರಿಮಳ ಬಸ್‌ಸ್ಟ್ಯಾಂಡಿನ ತನಕ ಹೋಗಿತ್ತು. ಎಲ್ಲರೂ ಖುಷಿಯಲ್ಲಿದ್ದರು.

ಕಮಲಾವತಿಯ ತಾಯಿ ದಮಯಂತಿ ಮಾತ್ರ ಸೀರೆಯನ್ನು ಪಕ್ಕಕ್ಕೆ ತಳ್ಳಿದಳು. "ನನ್ನ ಮಗುವಿಗೆ ಸೀರೆ ಎಂತಕ್ಕೆ? ಉಡ್ಲಿಕ್ಕೆ ಬರ್ತದಾ ಅದಕ್ಕೆ?" ಎನ್ನುತ್ತ ವಧುವಿನ ಮಣೆಯ ಮೇಲೆ ಗೇಣುದ್ದದ ಲಂಗವನ್ನೂ ಉಂಗುರದಷ್ಟು ಪುಟ್ಟ ಬಳೆಗಳನ್ನೂ ಇಟ್ಟಳು.

"ತಂಗೀ, ಸತ್ತವರಿಗೂ ಪ್ರಾಯ ಆಗ್ತದೆ," ಎಂದ ಜತ್ತಪ್ಪ.

ದಮಯಂತಿ ಅವನನ್ನು ಒಮ್ಮೆ ದಿಟ್ಟಿಸಿದಳು. ಹೆತ್ತವಳೊಂದಿಗೆ ವಾದಕ್ಕೆ ನಿಲ್ಲುವ ಗಂಡಸು ಇಚಿಲಂಪಾಡಿಯಲ್ಲಿ ಹುಟ್ಟಿಲ್ಲ.

ಕರಿಮಣಿ ಎತ್ತಿದ್ದೇ ತಡ, ಉರಿಯುತ್ತಿದ್ದ ದೀಪ ನೀಲಿಯಾಯಿತು. ನಡುಮಧ್ಯಾಹ್ನ ಮನೆಯೊಳಗೆ ಬಾವಿಯ ತಳದ ಚಳಿ. ಬಾಗಿಲುಗಳು ತಾವಾಗಿ ಬಡಿದುಕೊಂಡವು. ಪುಟ್ಟ ಬಳೆಗಳು ಟಣ್ಣೆಂದು ಒಂದೊಂದೇ ಒಡೆದವು. ಲಂಗ ಮೇಲೆದ್ದು ಎರಡಾಗಿ ಹರಿಯಿತು. ದಿಬ್ಬಣ ಅಂಗಳಕ್ಕೆ ಹಾರಿತು.

"ಹುಡುಗಿಗೆ ಮನಸ್ಸಿಲ್ಲ ಬೋಜಪ್ಪಣ್ಣ," ಜತ್ತಪ್ಪ ಮಗನ ಬುಟ್ಟಿ ಎತ್ತಿಕೊಂಡ. "ಒಪ್ಪದವಳನ್ನು ಕರ್ಕೊಂಡು ಹೋಗಿ ನಾವು ಬದುಕುದು ಹೇಗೆ ಮಾರಾಯ್ರೆ?"

ಕಮಲಾವತಿ ಹಿತ್ತಿಲ ಜಗಲಿಗೆ ಓಡಿ ಬಿಕ್ಕಿ ಬಿಕ್ಕಿ ಅತ್ತಳು. ಮಹೇಶ್ವರ ಕೈತಪ್ಪಿ ಹೋದ ಹಾಗೆಯೇ. ಅಷ್ಟರಲ್ಲಿ ಬಳೆಬುಟ್ಟಿ ಹೊತ್ತು ಬಂದಳು ಕುಂಞಿಪಾತುಮ್ಮ. ಮದುವೆಮನೆಯ ಹೆಂಗಸರಿಗೆ ಬಳೆ ತೊಡಿಸಲು ದಮಯಂತಿಯೇ ಬರಹೇಳಿದ್ದಳು. ಮುದುಕಿಗೆ ಕಣ್ಣಿಗಿಂತ ಕೈಬೆರಳೇ ಚುರುಕು.

"ಅಳುದು ಎಂತಕ್ಕೆ ಮೋಳೇ? ಕೈ ಕೊಡು," ಎಂದು ಕುಳಿತು ಒಂದು ಕೈ ಹಿಡಿದು ಬಳೆ ಒತ್ತಿದಳು. "ಇದು ಹೋಗುದಿಲ್ಲ. ಕೈ ಎಂತ ಇಷ್ಟು ತಣ್ಣಗೆ?"

ಕಮಲಾವತಿ ತಲೆಯೆತ್ತಿದಳು. ಅವಳ ಎರಡು ಕೈಗಳೂ ಅವಳ ಮಡಿಲಲ್ಲೇ ಇದ್ದವು.

ಅವಳು ಜಗಲಿಯ ಕಂಬಕ್ಕೆ ಒತ್ತಿಕೊಂಡಳು. ಮುದುಕಿ ದೊಡ್ಡ ಅಳತೆಯ ಹಸಿರು ಬಳೆ ಆರಿಸಿ, ಗಾಳಿಯನ್ನು ನೀವಿ ನೀವಿ ಏರಿಸಿದಳು. ಬಳೆ ಗಾಳಿಯಲ್ಲೇ ನಿಂತಿತು. ಅದರ ಹಿಂದೆ ಇನ್ನೊಂದು. "ಇದು ನಿನ್ನ ಕೈ ಅಲ್ಲ ಅಲ್ವಾ ಕಮಲ? ಯಾವ ಅಕ್ಕನದ್ದು? ನಿನ್ನ ಕೈಗಿಂತ ದೊಡ್ಡ ಉಂಟು, ಅಗಲ ಮುಂಗೈ," ಎಂದು ಮೊಣಕೈಯತ್ತ ಸವರಿದವಳಿಗೆ ಅಲ್ಲಿ ಏನೂ ಸಿಗಲಿಲ್ಲ.

"ಯಾ ರಬ್ಬೇ!" ಎಂದಳು, ಕೈ ಮಾತ್ರ ಬಿಡಲಿಲ್ಲ. ಮದುಮಗಳ ಕೈಗೆ ಅರ್ಧ ಬಳೆ ತೊಡಿಸಿ ಎದ್ದುಹೋದ ಹೆಸರು ಅವಳಿಗೆ ಬೇಡ. ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಲ್ಲಿ ದೇವರ ಹೆಸರು ಹೇಳುತ್ತ ಉಳಿದದ್ದನ್ನೂ ತೊಡಿಸಿಯೇ ಬಿಟ್ಟಳು.

ಕಮಲಾವತಿಯ ಹೆದರಿಕೆ ಒಮ್ಮೆಗೇ ಇಳಿಯಿತು. ಇಷ್ಟು ವರ್ಷ ತನ್ನನ್ನು ಮಗುವಿನಂತೆ ನೋಡಿದ್ದರೆ ತಾನಾದರೂ ಬಾಗಿಲು ಬಡಿಯುತ್ತಿದ್ದಳು. "ಅವ್ವಾ!" ಎಂದು ಕೂಗಿದಳು. "ಅಕ್ಕನಿಗೆ ಮದುವೆ ಬೇಡ ಅಂತ ಅಲ್ಲ ಅವ್ವಾ. ಅಕ್ಕ ದೊಡ್ಡವಳಾಗಿದ್ದಾಳೆ!"

ಬಾಗಿಲಲ್ಲಿ ನಿಂತಿದ್ದ ದಮಯಂತಿ ಹಸಿರು ಬಳೆಗಳನ್ನೇ ನೋಡಿದಳು. "ಎಷ್ಟು ದೊಡ್ಡ?" ಎಂದಳು. ಬಳೆಗಳು ಸಣ್ಣಗೆ ಕಿಣಿಕಿಣಿಸಿದವು.

ದಮಯಂತಿ ಅಳುತ್ತಳುತ್ತ ನಕ್ಕಳು. ಒಳಗೆ ಹೋಗಿ ಕೆಂಪು ಸೀರೆ ತಂದು ನೆರಿಗೆ ಹಿಡಿದಳು. ಸೀರೆ ಒಂದು ಮೈ ಸುತ್ತಿ ನಿಂತಿತು. ಅಂಗಳದಲ್ಲಿ ಜತ್ತಪ್ಪ ಬುಟ್ಟಿ ಕೆಳಗಿಟ್ಟು ಕೈಮುಗಿದ. ಬೋಜಪ್ಪ ಎಲೆ ಹಾಕಿಸಲು ಓಡಿದ. ಕೊಲ್ಲಮೊಗ್ರಿಗೆ ಇವತ್ತೇ ಜನ ಕಳುಹಿಸಬೇಕೆಂದು ಕಮಲಾವತಿ ಮನಸ್ಸಿನಲ್ಲೇ ಕುಣಿದಳು.

ಇನ್ನು ಹೂವೊಂದು ಬಾಕಿ. ದಮಯಂತಿ ಮಲ್ಲಿಗೆ ದಂಡೆ ಹಿಡಿದು, ಅಭ್ಯಾಸಬಲದಿಂದ ನೆಲದತ್ತ ಬಾಗಿದಳು. ಅಲ್ಲಿ ತಲೆ ಸಿಗಲಿಲ್ಲ. ಕೈ ಮೇಲಕ್ಕೆ ಹೋಯಿತು, ಭುಜದ ಮಟ್ಟಕ್ಕೆ, ಇನ್ನೂ ಮೇಲಕ್ಕೆ. ಮಗಳಿಗೆ ಹೂ ಮುಡಿಸಲು ತಾಯಿ ತುದಿಗಾಲಲ್ಲಿ ನಿಂತಳು.